ಹೋಟೆಲುಗಳ ಅಡಿಗೆಮನೆಯೂ ಅಗ್ನಿಭಯವೂ

ಹಾಸನದಲ್ಲಿಯೂ, ಹೊಳೆನರಸೀಪುರ, ಅರಕಲಗೂಡುಗಳ ಪೇಟೆಬೀದಿಗಳಲ್ಲಿಯೂ, ಶ್ರವಣಬೆಳಗೊಳದ ಯಾತ್ರಿಕರು ಹಾದುಹೋಗುವ ಚನ್ನರಾಯಪಟ್ಟಣದಲ್ಲಿಯೂ ಉಪಾಹಾರ ಮಂದಿರಗಳೂ ಕಲ್ಯಾಣ ಮಂಟಪಗಳೂ ಬೆಳೆದಿರುವುದು ಸಂತೋಷದ ಸಂಗತಿಯೇ ಸರಿ. ಸೌದೆಯ ಒಲೆಯ ಸ್ಥಾನಕ್ಕೆ ಅನಿಲದ ಒಲೆ ಬಂದಿದೆ. ಹೆಂಚಿನ ಸಂದಿಯಿಂದ ತಾನಾಗಿ ಹೋಗುತ್ತಿದ್ದ ಹೊಗೆಯನ್ನು ಈಗ ತಗಡಿನ ಹೊಗೆಗೂಡೂ ವಿದ್ಯುತ್ ಫ್ಯಾನೂ ಹೊರಕ್ಕೆಳೆಯುತ್ತವೆ. ಆದರೆ ಈ ಬದಲಾವಣೆಯೊಡನೆ ಬರಬೇಕಾಗಿದ್ದ ಎಚ್ಚರವೂ ಬಂದಿದೆಯೇ?

ವಿದ್ಯುತ್ತು ಕಡಿದುಹೋದೊಡನೆ ಫ್ಯಾನು ನಿಲ್ಲುತ್ತದೆ. ಒಲೆಯಾದರೋ ಉರಿಯುತ್ತಲೇ ಇರುತ್ತದೆ. ಗಾಳಿ ಸಾಲದೆ ಅನಿಲವು ಪೂರ್ಣವಾಗಿ ದಹಿಸದಿದ್ದರೆ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗಿ ಬೀಳುವವರೆಗೆ ಅಡಿಗೆಯವನಿಗೆ ಅದರ ಸುಳಿವೇ ಸಿಕ್ಕದಿರಬಹುದು. ಹೊಗೆಗೂಡಿನೊಳಗೆ ಮೆತ್ತಿದ ಎಣ್ಣೆಜಿಡ್ಡಿಗೆ ಜ್ವಾಲೆ ತಗುಲಿದರೆ ಬೆಂಕಿಯು ಕೊಳವೆಯ ಉದ್ದಕ್ಕೂ ಹಬ್ಬುತ್ತದೆ. ಆಗ ಬಾವಿ ತೋಡಿ ಫಲವೇನು?

ಇದಕ್ಕೆ ಪರಿಹಾರವು ಹೊಸದೂ ಅಲ್ಲ, ಕಠಿನವೂ ಅಲ್ಲ. ಅನಿಲದ ಕೊಳವೆಯಲ್ಲಿ ವಿದ್ಯುತ್ತಿನಿಂದ ತೆರೆಯುವ ಸಾಲಿನಾಯ್ಡ್ ವಾಲ್ವೊಂದನ್ನು ಕೂಡಿಸಿ, ಫ್ಯಾನು ಗಾಳಿಯನ್ನೆಳೆಯುತ್ತಿರುವಾಗ ಮಾತ್ರ ಅದು ತೆರೆದಿರುವಂತೆ ತಂತಿ ಜೋಡಿಸುವುದು, ಇದೇ ಇಂಟರ್‌ಲಾಕ್. ವಿದ್ಯುತ್ತು ಹೋದರೆ ವಾಲ್ವು ತಾನಾಗಿ ಮುಚ್ಚಬೇಕು. ಮರಳಿ ಬಂದಾಗ ತಾನಾಗಿ ತೆರೆಯಬಾರದು. ಒಲೆಗಳ ತಿರುಪುಗಳೆಲ್ಲ ಮುಚ್ಚಿವೆಯೆಂದು ನೋಡಿ, ಒಬ್ಬನು ಕೈಯಾರೆ ಗುಂಡಿಯನ್ನೊತ್ತಿದ ಮೇಲೆಯೇ ಅನಿಲವು ಹರಿಯತಕ್ಕದ್ದು. ವಿದ್ಯುತ್ತಿನಿಂದ ಕಾಯುವ ಬಾಣಲೆಗಳಿಗೂ ಇದೇ ನಿಯಮ. ಬ್ರಿಟನ್ನಿನಲ್ಲಿ ಬಿ.ಎಸ್. 6173 ಎಂಬ ಮಾನದಂಡವು ಹೋಟೆಲುಗಳ ಅಡಿಗೆಮನೆಗೆ ಇಂಥ ಏರ್ಪಾಟನ್ನೇ ವಿಧಿಸಿದೆ.

ಇಲ್ಲಿ ವೈರ್‌ಮನ್ನರು ಗಮನಿಸಬೇಕಾದುದೊಂದಿದೆ. ಫ್ಯಾನಿನ ಸ್ವಿಚ್ಚಿನಿಂದಲೇ ವಾಲ್ವಿಗೆ ತಂತಿ ಎಳೆದರೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಬೆಲ್ಟು ಹರಿದಾಗ ಮೋಟಾರು ತಿರುಗುತ್ತದೆ, ಗಾಳಿ ಚಲಿಸುವುದಿಲ್ಲ. ಮೂರು ಫೇಸುಗಳಲ್ಲಿ ಎರಡು ಅದಲುಬದಲಾದರೆ ಫ್ಯಾನು ಹಿಮ್ಮುಖವಾಗಿ ತಿರುಗುತ್ತದೆ. ಈ ಎರಡು ಸಂದರ್ಭಗಳಲ್ಲಿಯೂ ಸ್ವಿಚ್ಚು ಮಾತ್ರ ಎಲ್ಲವೂ ಸರಿಯೆಂದೇ ಸಾರುತ್ತದೆ. ಆದುದರಿಂದ ಕೊಳವೆಯಲ್ಲಿನ ಗಾಳಿಯ ಒತ್ತಡವನ್ನೇ ಅಳೆಯುವ ಸ್ವಿಚ್ಚಿನ ಸಾಕ್ಷ್ಯವು ಅವಶ್ಯಕ. ಅಲ್ಲದೆ ಅಡಿಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದಲ್ಲಿ ಹರಡುತ್ತದೆ. ತಲೆಯ ಮೇಲಿನ ಹೊಗೆಗೂಡು ಅದನ್ನು ಹೊರಹಾಕುವುದೆಂದು ನಂಬಿ ಕೂರಲಾಗದು. ಸೋರಿಕೆಯನ್ನು ಗುರುತಿಸುವ ಯಂತ್ರವು ನೆಲದ ಸಮೀಪದಲ್ಲಿದ್ದು, ಅದೂ ವಾಲ್ವನ್ನು ಮುಚ್ಚಿಸುವಂತಿರಬೇಕು.

ಹೋಟೆಲಿನ ಮಾಲೀಕರು ಒಂದು ಆಕ್ಷೇಪವನ್ನೆತ್ತಬಹುದು: "ನಡುಹಗಲಿನ ಊಟದ ವೇಳೆಯಲ್ಲಿ ವಿದ್ಯುತ್ತು ಹೋಗಿ ಒಲೆಗಳೆಲ್ಲ ಆರಿದರೆ ನಮ್ಮ ಗತಿಯೇನು?" ಆಕ್ಷೇಪವು ನ್ಯಾಯವಾದುದೇ. ಇದಕ್ಕೆ ಉತ್ತರವು ಜನರೇಟರಿನಲ್ಲಿದೆ. ಊಟದ ಹಾಲಿನ ದೀಪಗಳಿಗೆ ಜನರೇಟರಿನ ತಂತಿ ಎಳೆಸುವವರು ಹೊಗೆಯ ಫ್ಯಾನನ್ನೂ ಅದಕ್ಕೇ ಸೇರಿಸಲಿ. ಹಾಗೆ ಮಾಡದಿದ್ದರೆ, ಬೇಸತ್ತ ಕೆಲಸಗಾರರು ತಂತಿಯ ತುಂಡೊಂದರಿಂದ ಇಂಟರ್‌ಲಾಕನ್ನೇ ನಿಷ್ಫಲಗೊಳಿಸುವರು. ಇದ್ದೂ ಇಲ್ಲದ ರಕ್ಷಣೆಯು ಸುಳ್ಳು ಧೈರ್ಯವನ್ನು ಕೊಡುವುದರಿಂದ, ಇಲ್ಲದ ರಕ್ಷಣೆಗಿಂತಲೂ ಕೆಟ್ಟದ್ದು.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯು ಅಲ್ಪವಾದುದು. ವ್ಯಾಪಾರದ ಪರವಾನಗಿ, ಆಹಾರದ ಪರವಾನಗಿ, ವಿದ್ಯುತ್ ತಪಾಸಣೆ, ಅಗ್ನಿಶಾಮಕ ದಳ ಇವು ಬೇರೆ ಬೇರೆ ಕೈಗಳಲ್ಲಿವೆ. ಹಲವರ ಹೊಣೆಯು ಯಾರ ಹೊಣೆಯೂ ಆಗದೆ ಉಳಿಯದಂತೆ, ಜಿಲ್ಲಾಡಳಿತವು ಈ ಒಂದು ಪರೀಕ್ಷೆಯನ್ನು ಸ್ಪಷ್ಟವಾಗಿ ಒಬ್ಬರ ಪಾಲಿಗೆ ವಹಿಸಲಿ. ಪರೀಕ್ಷೆಗೆ ಯಂತ್ರಸಾಮಗ್ರಿ ಏನೂ ಬೇಡ: ಒಲೆ ಉರಿಯುತ್ತಿರುವಾಗ ಫ್ಯಾನನ್ನು ನಿಲ್ಲಿಸಿ ನೋಡಿದರೆ ಸಾಕು. ಉರಿ ಆರಿದರೆ ಸರಿ. ಆರದಿದ್ದರೆ ದುರಸ್ತಿಯಾಗುವವರೆಗೆ ಪರವಾನಗಿಯ ನವೀಕರಣವಿಲ್ಲ.

1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ನಾಡು ನಮ್ಮದು. ಒಂದು ಫ್ಯಾನಿಗೂ ಒಂದು ವಾಲ್ವಿಗೂ ನಂಟು ಕಲ್ಪಿಸುವುದು ನಮಗೆ ಅಸಾಧ್ಯವಾದೀತೇ? ಊರಿಗೆ ಅನ್ನವಿಕ್ಕುವವರು ಒಲೆಯ ಮುಂದೆ ನಿರ್ಭಯವಾಗಿ ನಿಲ್ಲುವಂತಾಗಲಿ. ಅವರ ಕೈಯಡಿಗೆಯನ್ನುಣ್ಣುವ ನಾವೆಲ್ಲರೂ ಅದಕ್ಕಾಗಿ ಒತ್ತಾಯಿಸಬೇಕಾದುದು ನ್ಯಾಯ.