ರೋಗಿಗೆ ಸಿಕ್ಕ ಎರಡು ದಿನ

2025ರ ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರನ್ನು ಧರ್ಮ ಕೇಳಿ ಕೇಳಿ ಕೊಲ್ಲಲಾಯಿತು. ಪ್ರವಾಸಿಗರನ್ನು ಉಳಿಸಲು ಹೋದ ಕಾಶ್ಮೀರಿ ಮುಸ್ಲಿಮ್ ಕುದುರೆಯಾಳು ಕೂಡ ಜೀವ ತೆತ್ತ. ಈ ಪೈಶಾಚಿಕ ಕೃತ್ಯವನ್ನು ಎಷ್ಟು ಖಂಡಿಸಿದರೂ ಕಡಿಮೆಯೇ. ಬೆನ್ನಿಗೇ ಕೇಂದ್ರ ಸರಕಾರವು ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ರದ್ದುಪಡಿಸಿತು. ಸಾಮಾನ್ಯ ವೀಸಾಗಳಿಗೆ ಎಪ್ರಿಲ್ 27 ಕೊನೆಯ ದಿನ. ವೈದ್ಯಕೀಯ ವೀಸಾಗಳಿಗೆ ಎಪ್ರಿಲ್ 29.

ಈ ಎರಡು ದಿನಗಳ ವ್ಯತ್ಯಾಸವನ್ನು ತುಸು ಗಮನಿಸಬೇಕು. ರೋಗಿಯು ಇತರ ಪ್ರಯಾಣಿಕರಂತಲ್ಲ, ಆತನ ವಿಷಯದಲ್ಲಿ ಬೇರೆಯೇ ಅಳತೆಗೋಲು ಬೇಕು ಎಂಬುದನ್ನು ಸರಕಾರವೇ ಆ ಆದೇಶದಲ್ಲಿ ಒಪ್ಪಿಕೊಂಡಿತ್ತು. ಆದರೆ ಆ ಒಪ್ಪಿಗೆಯ ಮೌಲ್ಯ ಬರೇ 48 ಗಂಟೆ. ತನ್ನಿಬ್ಬರು ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆಂದು ದಿಲ್ಲಿಗೆ ಬಂದಿದ್ದ ಸಿಂಧ್‌ನ ತಂದೆಯೊಬ್ಬರು, ಚಿಕಿತ್ಸೆ ಮುಗಿಯುವವರೆಗಾದರೂ ಇರಲು ಬಿಡಿ ಎಂದು ಎರಡೂ ಸರಕಾರಗಳಿಗೆ ಮೊರೆಯಿಟ್ಟ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಶಸ್ತ್ರಚಿಕಿತ್ಸೆಯಾಗದೆಯೇ ಅವರು ವಾಘಾ ದಾಟಿದರು. ಆ ಮಕ್ಕಳು ಪಹಲ್ಗಾಮ್‌ನ ಹಂತಕರಿಗೆ ಏನಾಗಬೇಕು?

ಇದೇ ಭಾರತ 2003ರಲ್ಲಿ ಬೇರೆಯದೇ ಮುಖವನ್ನು ತೋರಿಸಿತ್ತು. ಪಾರ್ಲಿಮೆಂಟ್ ಮೇಲಿನ ದಾಳಿಯ ಬಳಿಕ ನಿಂತುಹೋಗಿದ್ದ ದಿಲ್ಲಿ-ಲಾಹೋರ್ ಬಸ್ ಆ ವರ್ಷದ ಜುಲೈ 11ರಂದು ಮತ್ತೆ ಹೊರಟಾಗ, ಲಾಹೋರಿನಿಂದ ಬಂದ ಮೊದಲ ಬಸ್ಸಿನಲ್ಲಿ ಹೃದಯದಲ್ಲಿ ರಂಧ್ರವಿದ್ದ ಎರಡೂವರೆ ವರ್ಷದ ಹೆಣ್ಣುಮಗುವೊಂದಿತ್ತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಕೆಯ ಶಸ್ತ್ರಚಿಕಿತ್ಸೆ ನಡೆಯಿತು. ಅಪರಿಚಿತರು ಹೂವು, ಆಟಿಕೆ, ಹಣ ಕಳಿಸಿದರು. ಮಂದಿರ-ಮಸೀದಿಗಳಲ್ಲಿ ಪ್ರಾರ್ಥನೆಗಳಾದವು. ಕನ್ನಡ ನಾಡು ಇಂದಿಗೂ ಹೆಮ್ಮೆಪಡಬಹುದಾದ ದಿನಗಳವು.

2017ರಲ್ಲಿ ಸಂಬಂಧ ಮತ್ತೆ ಹಳಸಿತು. ಕುಲಭೂಷಣ್ ಜಾಧವ್‌ರಿಗೆ ಪಾಕಿಸ್ತಾನ ಮರಣದಂಡನೆ ವಿಧಿಸಿದ ನಂತರ, ಅಲ್ಲಿನ ವಿದೇಶಾಂಗ ಸಲಹೆಗಾರ ಸರ್ತಾಜ್ ಅಝೀಝ್‌ರ ಶಿಫಾರಸು ಪತ್ರವಿದ್ದರೆ ಮಾತ್ರ ವೈದ್ಯಕೀಯ ವೀಸಾ ಎಂದು ಭಾರತ ಹೇಳಿತು. ಯಕೃತ್ತು ಕೆಟ್ಟವನು ಮಂತ್ರಿಯ ಮನೆಬಾಗಿಲು ಕಾಯಬೇಕಾಯಿತು. ಬಳಿಕ ಸುಷ್ಮಾ ಸ್ವರಾಜ್ ಟ್ವಿಟರ್‌ನಲ್ಲಿ ಬಂದ ಮನವಿಗಳಿಗೆ ಒಂದೊಂದಾಗಿ ಸ್ಪಂದಿಸಿ ವೀಸಾ ಕೊಡಿಸಿದರು. ಆ ವರ್ಷದ ದೀಪಾವಳಿಯಂದು ಬಾಕಿಯಿದ್ದ ಅರ್ಹ ಅರ್ಜಿಗಳಿಗೆಲ್ಲ ವೀಸಾ ಘೋಷಿಸಿದರು. ಆ ತಾಯಿಗುಣವನ್ನು ಮೆಚ್ಚಲೇಬೇಕು. ಆದರೆ ಟ್ವಿಟರ್ ಖಾತೆಯಿಲ್ಲದ ರೋಗಿ ಏನು ಮಾಡಬೇಕಿತ್ತು? ಮಂತ್ರಿಯ ಕರುಣೆ ರೋಗಿಗೆ ಸಿಕ್ಕಿದ್ದು ಅದೃಷ್ಟದಿಂದ. ಅದು ಆತನ ಹಕ್ಕಾಗಿರಲಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿಯೇ. ಸಂವಿಧಾನದ 21ನೇ ವಿಧಿಯು ಜೀವದ ರಕ್ಷಣೆಯನ್ನು 'ಪ್ರಜೆ'ಗೆ ಸೀಮಿತಗೊಳಿಸಿಲ್ಲ, 'ವ್ಯಕ್ತಿ'ಗೆ ನೀಡಿದೆ. 2000ದಲ್ಲಿ ಬಾಂಗ್ಲಾದೇಶಿ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆರೋಗ್ಯವನ್ನು ಪ್ರತಿಯೊಬ್ಬರ ಹಕ್ಕೆಂದು ಸಾರುವ 1966ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತವೂ ಬದ್ಧ. ಯಾರು ಒಳಬರಬೇಕೆಂದು ನಿರ್ಧರಿಸುವ ಅಧಿಕಾರ ದೇಶಕ್ಕಿದೆ, ನಿಜ. ಆದರೆ ಪರಿಶೀಲಿಸಿ ಒಳಬಿಟ್ಟು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿದ ಬಳಿಕ ಎಬ್ಬಿಸಿ ಕಳುಹಿಸುವುದು ಬೇರೆಯೇ ಸಂಗತಿ. ಯುರೋಪಿನಲ್ಲಿ ಈ ಚರ್ಚೆ ಎಷ್ಟು ಮುಂದೆ ಹೋಗಿದೆಯೆಂದರೆ, ಸ್ವದೇಶದಲ್ಲಿ ವಿಪರೀತ ಕಾಯಬೇಕಾದವನು ನೆರೆದೇಶದಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸ್ವದೇಶವೇ ಭರಿಸಬೇಕೆಂದು 2006ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. 2011ರಲ್ಲಿ ಅದಕ್ಕೊಂದು ಕಾನೂನೂ ಬಂತು. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕೊಂದುಕೊಂಡ ದೇಶಗಳಿವು!

ಗಡಿ ಮುಚ್ಚಿದರೆ ರೋಗಿಯ ಗತಿಯೇನು ಎಂದು ತಿಳಿಯಲು ಕರಾವಳಿಯ ಜನ ವಾಘಾಕ್ಕೆ ಹೋಗಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಭೀತಿಯಿಂದ ಕರ್ನಾಟಕವು ಕೇರಳದ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಿಂದ ಹಿಂದಿರುಗಿದರು. ಕೆಲವರು ಚಿಕಿತ್ಸೆ ಸಿಗದೆ ಪ್ರಾಣಬಿಟ್ಟರು. ಅದು ಒಂದೇ ದೇಶದೊಳಗಿನ ಗಡಿಯಾಗಿತ್ತು. ವಿಷಯ ಹೈಕೋರ್ಟ್, ಸುಪ್ರೀಮ್ ಕೋರ್ಟ್‌ಗಳ ಮೆಟ್ಟಿಲೇರಿದ ಮೇಲೆಯೇ ಆ್ಯಂಬುಲೆನ್ಸ್‌ಗೆ ದಾರಿಯಾಯಿತು. ಇನ್ನು ಗಾಝಾದ ರೋಗಿಗಳಿಗೆ ಆ ಬಾಗಿಲೂ ಇರಲಿಲ್ಲ. 2024ರ ಮೇಯಲ್ಲಿ ಇಸ್ರೇಲ್ ರಫಾ ದಾರಿಯನ್ನು ವಶಪಡಿಸಿದ ಬಳಿಕ, ಹೊರಗೆ ಚಿಕಿತ್ಸೆ ಬೇಕಿದ್ದ ಸಾವಿರಾರು ಮಂದಿ ಒಳಗೇ ಉಳಿದರು.

ಶತ್ರುವಿನ ನಾಡಿನ ರೋಗಿಗೇಕೆ ಕನಿಕರ ಎನ್ನುವವರಿಗೆ ಪ್ರವಾದಿ(ಸ) ಚರಿತ್ರೆಯ ಒಂದು ಘಟನೆಯನ್ನು ನೆನಪಿಸಬೇಕು. ಯಮಾಮದ ನಾಯಕ ಸುಮಾಮಃ(ರ) ಇಸ್ಲಾಮ್ ಸ್ವೀಕರಿಸಿದ ಬಳಿಕ ಮಕ್ಕಾಕ್ಕೆ ಧಾನ್ಯ ಸಾಗಾಟವನ್ನು ತಡೆದರು. ಪ್ರವಾದಿ(ಸ) ಮತ್ತವರ ಸಂಗಡಿಗರನ್ನು ಬಹಿಷ್ಕರಿಸಿ, ಹಸಿವಿನಲ್ಲಿ ಕೆಡವಿ, ಊರು ಬಿಡಿಸಿದ್ದ ಮಕ್ಕಾವದು. ಸೇಡಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ಆದರೆ ಕಂಗೆಟ್ಟ ಕುರೈಶರು ಮದೀನಾಕ್ಕೆ ಮೊರೆಯಿಟ್ಟಾಗ, ಧಾನ್ಯ ಬಿಟ್ಟುಬಿಡಿ ಎಂದು ಪ್ರವಾದಿ(ಸ) ಸುಮಾಮಃರಿಗೆ ಪತ್ರ ಕಳುಹಿಸಿದರು. ವೈರ ಮುಗಿದಿರಲಿಲ್ಲ. ಹಸಿವನ್ನು ಮಾತ್ರ ವೈರದ ಆಯುಧವಾಗಿಸಲು ಅವರು ಒಪ್ಪಲಿಲ್ಲ.

ಇದನ್ನು ಮುಸ್ಲಿಮ್ ಪತ್ರಿಕೆಯೊಂದು ಬರೆದರೆ ಅದಕ್ಕೆ ಬೇರೆಯೇ ಅರ್ಥ ಕಟ್ಟುವವರಿದ್ದಾರೆ ಎಂಬುದು ನಮಗೆ ಗೊತ್ತು. 2025ರ ಆ ವಾರ ನಮ್ಮ ಸಂಘ-ಸಂಸ್ಥೆಗಳು ದಾಳಿಯನ್ನು ಖಂಡಿಸಿದವು, ಅದು ಕರ್ತವ್ಯವಾಗಿತ್ತು. ಆದರೆ ಆಸ್ಪತ್ರೆಯಿಂದ ಹೊರಬಿದ್ದ ಮಕ್ಕಳ ಬಗ್ಗೆ ತುಟಿ ಬಿಚ್ಚಿದವರು ಎಷ್ಟು ಮಂದಿ? ದೇಶದ್ರೋಹಿ ಎಂಬ ಹಣೆಪಟ್ಟಿಯ ಭಯ ನಮ್ಮ ಬಾಯಿ ಕಟ್ಟಿತು. ನಮ್ಮ ಮೌನವೂ ಆ ಎರಡು ದಿನಗಳ ಲೆಕ್ಕದಲ್ಲಿ ಸೇರಿದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಭದ್ರತಾ ತಪಾಸಣೆ ಎಷ್ಟು ಬಿಗಿಯಾದರೂ ಇರಲಿ. ಚಿಕಿತ್ಸೆಯ ಮಧ್ಯದಲ್ಲಿರುವ ರೋಗಿ ಮತ್ತು ಜೊತೆಗಿರುವವರ ವೀಸಾವನ್ನು, ವ್ಯಕ್ತಿಗತ ಆರೋಪವಿಲ್ಲದ ಹೊರತು, ಪ್ರಯಾಣಕ್ಕೆ ಅಡ್ಡಿಯಿಲ್ಲವೆಂದು ವೈದ್ಯರು ಬರೆದುಕೊಡುವವರೆಗೆ ರದ್ದುಪಡಿಸಬಾರದು. ವೀಸಾ ನಿಯಮಗಳಲ್ಲೇ ಇದು ದಾಖಲಾಗಲಿ. ಆಗ ತೀರ್ಮಾನ ಮಂತ್ರಿಯ ಮನಸ್ಥಿತಿಯನ್ನಾಗಲಿ, ಟಿವಿ ಚಾನೆಲ್‌ಗಳ ಅಬ್ಬರವನ್ನಾಗಲಿ ಅವಲಂಬಿಸುವುದಿಲ್ಲ. ಇಸ್ಲಾಮಾಬಾದ್‌ಗೂ ಇದೇ ಮಾತು ಅನ್ವಯಿಸುತ್ತದೆ. ಉಗ್ರರಿಗೆ ನೆಲೆ ಸಿಗದಂತೆ ನೋಡಿಕೊಳ್ಳುವುದು ಅದು ತನ್ನದೇ ರೋಗಿಗಳಿಗೆ ತೀರಿಸಬೇಕಾದ ಋಣ. ನಮ್ಮ ಸಂಸದರು ಸಂಸತ್ತಿನಲ್ಲಿ ಈ ನಿಯಮದ ತಿದ್ದುಪಡಿಯನ್ನು ಕೇಳಲಿ.