ಪಾಕೀಟು ಬರುವ ದಾರಿ

ದ್ರಾಕ್ಷಿ ಚಾಟ್ನಿ ಮುಗಿಸಿ ಬಳ್ಳಿ ಬುಡ ಸ್ವಚ್ಛ ಮಾಡಿಸುವಾಗ ಕಡ್ಡಿಕಸದ ಜೊತೆ ಅರ್ಧ ಬುಟ್ಟಿ ಖಾಲಿ ಮದ್ಯದ ಪಾಕೀಟು ಸಿಕ್ಕವು. 90 ಎಂ.ಎಲ್.ನವು, ಮೂಲೆ ಹಲ್ಲಿನಿಂದ ಕಚ್ಚಿ ಹರಿದಂಥವು. ಕಸ ಆರಿಸುತ್ತಿದ್ದ ಹೆಣ್ಣಾಳೊಬ್ಬಳು ಒಂದನ್ನು ಎತ್ತಿ ಹಿಡಿದು, ‘ಸಾವ್ಕಾರ್ರ, ಇದು ನಮ್ಮ ಮನ್ಯಾಗಿನವ್ರದ ನೋಡ್ರಿ. ಮೂಲಿ ಹಿಂಗ ಕಡ್ಯಾವ್ರು ಅವರೊಬ್ರ’ ಅಂದಳು. ಉಳಿದವರು ನಕ್ಕರು. ಅವಳ ಗಂಡನಿಗೆ ವಾರದ ಬಟವಾಡೆ ಮಾಡಿದವನು ನಾನೇ.

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ನಮ್ಮ ಹಳ್ಳಿಯಲ್ಲಿ ಲೈಸೆನ್ಸ್ ಇರುವ ಅಂಗಡಿ ಒಂದೂ ಇಲ್ಲ. ಪಾನ್ ಅಂಗಡಿಯಲ್ಲಿ ಮಾತ್ರ ನಸುಕಿನಲ್ಲೇ ಸಿಗುತ್ತದೆ, ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಆಯಿತು.

ತಿಕೋಟಾ, ಬಬಲೇಶ್ವರ ಈಗ ತಾಲೂಕು ಕೇಂದ್ರಗಳು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. ಹಾಗಾಗಿ ಇಲ್ಲಿ ಇನ್ನಷ್ಟು ಲೈಸೆನ್ಸ್ ಕೊಟ್ಟರೆ ಕಳ್ಳ ಮಾರಾಟ ತಾನೇ ನಿಲ್ಲುತ್ತದೆ ಎನ್ನುವವರಿದ್ದಾರೆ. ಆದರೆ ಅಂಗಡಿ ಹೆಚ್ಚುತ್ತಲೇ ಇವೆ: 1992ರಿಂದ ಹೊಸ ಸಿಎಲ್-2 (ಚಿಲ್ಲರೆ ಅಂಗಡಿ), ಸಿಎಲ್-9 (ಬಾರ್) ಲೈಸೆನ್ಸ್ ಇಲ್ಲ ಎನ್ನುತ್ತಲೇ ಸರ್ಕಾರಿ ಕಂಪನಿ ಎಂಎಸ್‌ಐಎಲ್‌ನ ಮಳಿಗೆ ಬಂದವು, ಲಾಡ್ಜ್ ಹೆಸರಿನ ಸಿಎಲ್-7 ಬಂದವು. 2023ರಲ್ಲಿ ಗ್ರಾಮ ಪಂಚಾಯಿತಿಗೂ ಮದ್ಯದಂಗಡಿ ತರುವ ಪ್ರಸ್ತಾವ ಎದ್ದು, ವಿರೋಧ ಬಂದ ಮೇಲೆ ಮಲಗಿತು.

ಆ ಪಾಕೀಟು ಹೊರಳಿಸಿ ನೋಡಿದೆ. ಕಳ್ಳಭಟ್ಟಿಯಲ್ಲ, 2007ರಲ್ಲಿ ನಿಷೇಧವಾದ ಸಾರಾಯಿಯೂ ಅಲ್ಲ. ಸುಂಕ ಕಟ್ಟಿದ, ಸರ್ಕಾರದ ಲೆಕ್ಕದಲ್ಲಿರುವ ಮಾಲು. ಲೈಸೆನ್ಸ್ ಅಂಗಡಿಯಿಂದ ಬಾಕ್ಸ್‌ಗಟ್ಟಲೆ ಬೈಕ್ ಏರಿ ಹಳ್ಳಿಗೆ ಬಂದದ್ದು. ಅಂಗಡಿ ಹೆಚ್ಚಿದರೆ ಪಾನ್ ಅಂಗಡಿಯವನಿಗೆ ಪೆಟ್ರೋಲ್ ಉಳಿಯುತ್ತದೆ, ಅಷ್ಟೇ.

ನಾನೇನು ಮಡಿವಂತನಲ್ಲ. ವಿಜಯಪುರಕ್ಕೆ ಹೋದಾಗ ಗೆಳೆಯರ ಜೊತೆ ಕೂತದ್ದುಂಟು. ಆದರೆ ನನ್ನ ಗ್ಲಾಸಿನಿಂದ ಮನೆಯ ಹಿಟ್ಟಿನ ಡಬ್ಬಿ ಖಾಲಿಯಾಗುವುದಿಲ್ಲ.

ಮನೂಕ ಮಾರಲು ಮಹಾರಾಷ್ಟ್ರದ ತಾಸಗಾಂವಕ್ಕೆ ಹೋಗುವಾಗ ಜತ್ತ ದಾಟುತ್ತೇನೆ. ಆ ರಾಜ್ಯದಲ್ಲಿ ಊರಿನ ಹೆಣ್ಣು ಮತದಾರರಲ್ಲಿ ಕಾಲು ಭಾಗ ಅರ್ಜಿ ಕೊಟ್ಟರೆ, ಅಂಗಡಿ ಬೇಕೋ ಬೇಡವೋ ಎಂದು ಮತದಾನ ನಡೆಸಬೇಕು. ಚಿಹ್ನೆ ಎರಡು: ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿಸಿದರೆ ಅಂಗಡಿ ಬಂದ್. ನಮ್ಮ ಹೆಂಗಸರಿಗಿರುವ ದಾರಿ ಮನವಿ ಹಿಡಿದು ವಿಜಯಪುರದ ಜಿಲ್ಲಾಧಿಕಾರಿ ಕಚೇರಿಗೆ ಹೋಗುವುದು. ಅದಕ್ಕೂ ಒಂದು ದಿನದ ಕೂಲಿ ಬಿಡಬೇಕು.

ಹೊಸ ಲೈಸೆನ್ಸಿಗೆ ಸಹಿ ಹಾಕುವ ಮುಂಚೆ ಆ ಎರಡು ಬಾಟಲಿಯ ಚೀಟಿಯನ್ನು ತಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳ ಕೈಗೂ ಕೊಡಿ. ಅವತ್ತು ನನ್ನ ತೋಟದ ಹೆಣ್ಣಾಳುಗಳಿಗೆ ಕೂಲಿ ಕೊಟ್ಟೇ ಸೂಟಿ ಕೊಡುತ್ತೇನೆ.