ಮುಳ್ಳು ಕೆಂಪಿಗೆ ಬಂದಮೇಲೂ ಓಡಿಸಿದವರು ನಾವು

ಶಿರಾಡಿ ಘಾಟಿ ಹತ್ತುವಾಗಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ‘ಸಕಲೇಶಪುರ ಇನ್ನೇನು ಬಂತಲ್ಲ’ ಅಂತ ಮೆಕ್ಯಾನಿಕಲ್ ಓದೋ ನಾವು ನಾಲ್ವರೂ ಓಡಿಸಿಕೊಂಡೇ ಹೋದೆವು. ಸೋರಿದ್ದು ಕೆಲವೇ ನೂರು ರೂಪಾಯಿಯ ರಬ್ಬರ್ ಹೋಸ್. ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ, ಸಿಲಿಂಡರ್ ಹೆಡ್ಡೇ ಬಾಗಿತ್ತು, ಬಿಲ್ಲು 28,000. ಬಿಸಿಗೆ ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತೆ ಅಂತ ಪರೀಕ್ಷೇಲಿ ಬರೆದವರೂ ನಾವೇ!

ಕಾರು ಗೆಳೆಯನ ಅಪ್ಪನದು, ಬಾಡಿಗೆಗೆ ಓಡೋ ಗಾಡಿ. ಹತ್ತು ದಿನ ಅವರ ದುಡಿಮೆ ನಿಂತಿತು.

ಲ್ಯಾಬಲ್ಲಿ ಹೀಟ್ ಬ್ಯಾಲೆನ್ಸ್ ಶೀಟ್ ಬರೆಸ್ತಾರೆ, ಸರಿ. ಕಾದ ಎಂಜಿನ್ ಮುಂದೆ ನಿಲ್ಲಿಸಿ ‘ಈಗೇನ್ಮಾಡ್ತೀರಿ?’ ಅಂತಲೂ ಕೇಳಬೇಕು ಅನ್ನೋದು ನಮ್ಮ ವಾದ. ಉತ್ತರ ಕಷ್ಟದ್ದೇನಲ್ಲ: ಪಕ್ಕಕ್ಕೆ ಹಾಕಿ ಎಂಜಿನ್ ಆರಿಸೋದು, ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟದೆ ಕಾಯೋದು. ಬಿಲ್ಲಿನಲ್ಲಿ ನಮ್ಮ ಪಾಲು ಇನ್ನೂ ಕಂತಲ್ಲೇ ತೀರ್ತಿದೆ.